ಮಳೆಗಾಲದಲ್ಲಿ 15 ಕಿ.ಮೀ. ಮೇಲೆ ಏರೋಸಾಲ್ ಎಲ್ಲಿಂದ ಬರುತ್ತದೆ?

ಮಳೆ ಗಾಳಿಯ ಧೂಳನ್ನೆಲ್ಲ ತೊಳೆದು ಹಾಕುತ್ತದೆ, ಹಾಗಿದ್ದೂ ಮಳೆಗಾಲದಲ್ಲೇ ಅಷ್ಟು ಮೇಲೆ ಏರೋಸಾಲ್ (ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು) ಪದರ ಹೇಗೆ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಅವುಗಳಲ್ಲಿ ತುಂಬಾ ಕಣಗಳು ಅಲ್ಲೇ ಹುಟ್ಟುತ್ತವೆ.

ನಮ್ಮ ಮಲ್ಪೆ ಬೀಚಲ್ಲಿ ಸ್ವಲ್ಪ ಹೊತ್ತು ನಿಂತರೆ ಕನ್ನಡಕದ ಮೇಲೆ ಉಪ್ಪು ಕೂತು ಮಸುಕಾಗುತ್ತದೆ ಅಲ್ವಾ? ಅದೂ ಏರೋಸಾಲೇ. ಆದರೆ ಅದು ಎದ್ದದ್ದೇ ಕಣವಾಗಿ, ಹಾಗಾಗಿ ಮಳೆಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಮೇಲಿನವರೆಗೆ ತಪ್ಪಿಸಿಕೊಂಡು ಹೋಗೋದು ಗ್ಯಾಸ್.

ಅಂಥ ಒಂದು ಗ್ಯಾಸ್ ಸಲ್ಫರ್ ಡೈಆಕ್ಸೈಡ್. ಅದು ಬಿಸಿಲಿನ ರಸಾಯನದಲ್ಲಿ ಸಲ್ಫ್ಯೂರಿಕ್ ಆಮ್ಲದ ಆವಿಯಾಗುತ್ತದೆ. ಅದರ ನಾಲ್ಕಾರು ಅಣುಗಳು ನೀರಿನ ಅಣುಗಳ ಜೊತೆ ಅಂಟಿಕೊಂಡು ಒಂದೆರಡು ನ್ಯಾನೋಮೀಟರಿನ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನಷ್ಟು) ಗುಂಪಾಗುತ್ತವೆ. ಕೆಳಗಿನ ಸೆಕೆಗೆ ಇಂಥ ಗುಂಪು ಬಿಚ್ಚಿಹೋಗುತ್ತದೆ, ಇಲ್ಲವೇ ಆವಿಯೆಲ್ಲ ಮೊದಲೇ ಇರುವ ಧೂಳು, ಉಪ್ಪಿನ ಮೇಲೆ ಹೋಗಿ ಕೂರುತ್ತದೆ. ಮೇಲೆ ಮೈನಸ್ 50 ಡಿಗ್ರಿಗಿಂತಲೂ ಕಮ್ಮಿ, ಹಳೆ ಕಣಗಳೂ ಕಮ್ಮಿ. ಅಂದರೆ ಮಳೆ ತೊಳೆದು ಚೊಕ್ಕ ಮಾಡಿದ್ದೇ ಹೊಸ ಕಣ ಹುಟ್ಟೋದಕ್ಕೆ ಅನುಕೂಲ!

ನನಗೆ ಜಾಸ್ತಿ ಮಜಾ ಅನಿಸೋದು ಅಮೋನಿಯಾದ ಕತೆ. ಹಟ್ಟಿಗೆ ಬೆಳಿಗ್ಗೆ ಕಾಲಿಟ್ಟ ಕೂಡಲೇ ಗಂಜಳದ ಘಾಟು ಮೂಗಿಗೆ ಹೊಡೆಯುತ್ತದಲ್ಲ, ಅದೇ. ಗೊಬ್ಬರದ ಯೂರಿಯಾದಿಂದಲೂ ಬರುತ್ತದೆ. ಗಂಗಾ ಬಯಲಿನಲ್ಲಂತೂ ಕೇಳೋದೇ ಬೇಡ. ಇದು ನೀರಲ್ಲಿ ಚೆನ್ನಾಗಿ ಕರಗುವ ಗ್ಯಾಸ್, ಲೆಕ್ಕಕ್ಕೆ ಮಳೆಯ ಜೊತೆ ಕೆಳಗೇ ಇಳಿಯಬೇಕು. ಆದರೆ ಮುಂಗಾರಿನ ಎತ್ತರದ ಮೋಡದಲ್ಲಿ ಹನಿ ಮೇಲೇರಿ ಮಂಜುಗಡ್ಡೆಯಾಗುವಾಗ ಒಳಗಿದ್ದ ಅಮೋನಿಯಾದಲ್ಲಿ ಒಂದಷ್ಟು ಹೊರಗೆ ಬಿದ್ದುಬಿಡುತ್ತದೆ. ಅಲ್ಲಿ ನೈಟ್ರಿಕ್ ಆಮ್ಲವೂ ಸಿಗುತ್ತದೆ, ಅದಕ್ಕೆ ಮಿಂಚಿನ ಪಾಲೂ ಉಂಟು. ಜಿನೀವಾ ಹತ್ತಿರದ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಮೋಡದ ಪ್ರಯೋಗಕ್ಕೆಂದೇ ಇರುವ ದೊಡ್ಡ ಉಕ್ಕಿನ ಕೋಣೆಯಲ್ಲಿ ಇದನ್ನು ಮಾಡಿ ನೋಡಿದ್ದಾರೆ. 2022ರಲ್ಲಿ ಬಂದ ಫಲಿತಾಂಶ: ಈ ಎರಡು ಆಮ್ಲ ಮತ್ತು ಅಮೋನಿಯಾ ಮೂರೂ ಸೇರಿದರೆ, ಯಾವುದೇ ಎರಡು ಸೇರಿದಾಗಿನದಕ್ಕಿಂತ ಎಷ್ಟೋ ಪಟ್ಟು ಬೇಗ ಕಣಗಳು ಹುಟ್ಟುತ್ತವೆ.

ನೀವು ಹೇಳಿದ ಪದರವನ್ನು ಉಪಗ್ರಹದ ಲೇಸರ್ ಮಾಹಿತಿಯಿಂದ 2011ರಲ್ಲಿ ಗುರುತಿಸಿದರು. ಸುಮಾರು 13ರಿಂದ 18 ಕಿ.ಮೀ. ಎತ್ತರದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಇರುತ್ತದೆ. 2017ರಲ್ಲಿ ಕಠ್ಮಂಡುವಿನಿಂದ ವಿಮಾನ ಹಾರಿಸಿ ನೋಡಿದಾಗ ಅದರಲ್ಲಿ ಅಮೋನಿಯಾ ಮತ್ತು ನೈಟ್ರಿಕ್ ಆಮ್ಲ ಸೇರಿ ಆಗುವ ಅಮೋನಿಯಂ ನೈಟ್ರೇಟ್ ಸಿಕ್ಕಿತು, ಅಂದರೆ ಹಟ್ಟಿಯ ಘಾಟಿನ ಲೆಕ್ಕ ಸರಿಹೋಯಿತು.

ಇನ್ನೂ ಮೇಲೆ, ಮೋಡ, ಮಳೆಯ ಪದರ ದಾಟಿ ಸಿಗುವ ಸ್ಟ್ರಾಟೋಸ್ಪಿಯರ್‌ನಲ್ಲಿ, ಸಲ್ಫೇಟಿನದೇ (ಸಲ್ಫ್ಯೂರಿಕ್ ಆಮ್ಲದಿಂದಾದ ಕಣಗಳದೇ) ಕಾರುಬಾರು. 1991ರಲ್ಲಿ ಸಿಡಿದ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿಯ ಗ್ಯಾಸ್ ಹಾಗೆ ಕಣವಾಗಿಯೇ ಮುಂದಿನ ವರ್ಷ ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ತಂಪು ಮಾಡಿತ್ತು.