ಗೀರು ಬಿದ್ದ ವಾಚು, ಮಾಸಿದ ಡಯಲ್

ಪ್ರಶ್ನೆ: ಹನ್ನೆರಡು ವರ್ಷ ಕಟ್ಟಿದ ಸ್ಟೀಲಿನ ರೋಲೆಕ್ಸ್ ಸಬ್‌ಮರೀನರ್ ಮಾರಬೇಕೆಂದಿದ್ದೇನೆ. ಮೈತುಂಬ ಗೀರುಗಳಿವೆ. ಪಾಲಿಷ್ ಮಾಡಿಸಿದರೆ ಬೆಲೆ ಹೆಚ್ಚು ಬಂದೀತಲ್ಲವೇ?

ಉತ್ತರ: ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಗೀರು ಎಷ್ಟು ಆಳವಿದೆಯೋ ಸುತ್ತಲಿನ ಲೋಹವನ್ನೂ ಅಷ್ಟೇ ಆಳಕ್ಕೆ ಸವೆಸಿದಾಗ ಮಾತ್ರ ಅದು ಮಾಯವಾಗುತ್ತದೆ. ಸರಪಳಿ ಸಿಕ್ಕಿಸುವ ನಾಲ್ಕು ಕೊಂಬುಗಳನ್ನು ಲೆನ್ಸ್ ಹಿಡಿದು ನೋಡಿ. ಮೇಲ್ಮೈಯಲ್ಲಿ ಒಂದೇ ದಿಕ್ಕಿಗೆ ಓಡುವ ಸಣ್ಣ ಗೆರೆಗಳು, ಪಕ್ಕದ ಮೈಗೆ ಪೂರ್ತಿ ಹೊಳಪು, ಇವೆರಡರ ನಡುವೆ ಚೂಪಾದ ಅಂಚು. ನನ್ನಂಥವರು ವಾಚು ಕೈಗೆ ಬಂದ ಕೂಡಲೇ ಸಮಯ ನೋಡುವುದಿಲ್ಲ, ಆ ಅಂಚನ್ನು ನೋಡುತ್ತೇವೆ. ಎರಡು ಮೂರು ಸಲ ಪಾಲಿಷ್ ಕಂಡ ವಾಚಿನ ಕೊಂಬುಗಳು ಬಳಸಿದ ಸೋಪಿನ ಹಾಗೆ ದುಂಡಗಾಗಿ ಕೃಶವಾಗಿರುತ್ತವೆ. ಹೋದ ಲೋಹ ಸುಲಭವಾಗಿ ಮರಳಿ ಬರುವುದಿಲ್ಲ. ಗೀರನ್ನು ಮುಂದೆ ಯಾರು ಬೇಕಾದರೂ ತೆಗೆಸಿಕೊಳ್ಳಬಹುದು. ಆ ನಿರ್ಧಾರ ಕೊಳ್ಳುವವರದಾಗಲಿ. ಸರ್ವಿಸ್‌ಗೆ ಕೊಟ್ಟಾಗ ಕೇಳದೆಯೇ ಪಾಲಿಷ್ ಮಾಡಿಬಿಡುವವರಿದ್ದಾರೆ, ಆದ್ದರಿಂದ ಬೇಡವೆಂದು ರಸೀದಿಯಲ್ಲೇ ಬರೆಸಿ.

ಬೆಲೆ ಬರಬೇಕಾದರೆ ಮನೆಯನ್ನು ಜಾಲಾಡಿ. ವಾರಂಟಿ ಕಾರ್ಡು, ಪೆಟ್ಟಿಗೆ, ಸರ್ವಿಸ್ ರಸೀದಿಗಳು, ಅಳತೆಗೆಂದು ಸರಪಳಿಯಿಂದ ಕಳಚಿಟ್ಟ ಕೊಂಡಿಗಳು, ಎಲ್ಲವೂ ಬೇಕು. ಗಾಜಿನ ಕೆಳಗಿನ ಉಂಗುರದಲ್ಲಿ ಆರು ಗಂಟೆಯ ನೇರಕ್ಕೆ ಕೊರೆದ ಸಂಖ್ಯೆಯೂ ಕಾರ್ಡಿನ ಸಂಖ್ಯೆಯೂ ಒಂದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: 1970ರ ದಶಕದ ಒಮೆಗಾ ಸಿಕ್ಕಿದೆ. ಮುಳ್ಳುಗಳ ಮೇಲಿನ ಬಿಳುಪು ಹಳದಿಯಾಗಿದೆ, ಕತ್ತಲಲ್ಲಿ ಹೊಳೆಯುವುದಿಲ್ಲ. ಡಯಲ್, ಮುಳ್ಳು ಎರಡನ್ನೂ ಬದಲಿಸಿ ಎನ್ನುತ್ತಿದ್ದಾರೆ.

ಉತ್ತರ: ಒಪ್ಪಬೇಡಿ. ಡಯಲಿನ ಕೆಳತುದಿಯಲ್ಲಿ ‘ಸ್ವಿಸ್ ಮೇಡ್’ ಪದಗಳ ಎರಡೂ ಬದಿ ‘ಟಿ’ ಅಕ್ಷರವಿದ್ದರೆ ಅದರಲ್ಲಿರುವುದು ಟ್ರಿಟಿಯಂ, ಅಂದರೆ ಕತ್ತಲಲ್ಲಿ ಹೊಳೆಯಲೆಂದು ಬಣ್ಣಕ್ಕೆ ಬೆರೆಸುತ್ತಿದ್ದ ವಿಕಿರಣಶೀಲ ವಸ್ತು. ಸುಮಾರು 12 ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಐವತ್ತು ವರ್ಷದ ವಾಚಿನಲ್ಲಿ ಹೊಳಪು ಹುಡುಕುವುದೇ ವ್ಯರ್ಥ. ಸಂಗ್ರಾಹಕರು ಹಣ ಕೊಡುವುದು ಆ ಹಳದಿಗೇ. ಡಯಲಿಗೂ ಮುಳ್ಳಿಗೂ ಒಂದೇ ಛಾಯೆಯ ಹಳದಿ ಇದ್ದರೆ ಇನ್ನೂ ಒಳ್ಳೆಯದು. ಯಾವುದಾದರೂ ಭಾಗ ಬದಲಿಸಲೇಬೇಕಾಗಿ ಬಂದರೆ ಹಳೆಯದನ್ನು ಮರಳಿ ಪಡೆಯಿರಿ.

1950ರ ದಶಕದ ವಾಚಾಗಿದ್ದರೆ ಮಾತು ಬೇರೆ. ಅವುಗಳಲ್ಲಿ ರೇಡಿಯಂ ಇರುವ ಸಾಧ್ಯತೆ ಹೆಚ್ಚು. ಹೊಳಪು ಸತ್ತರೂ ವಿಕಿರಣ ಸಾಯುವುದಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ನೀವೇ ಬಿಚ್ಚಿ ಕೆರೆಯಲು ಹೋಗಬೇಡಿ.

ಪ್ರಶ್ನೆ: ದುಬಾರಿ ವಾಚನ್ನು ಕಟ್ಟಿಕೊಳ್ಳಬೇಕೇ, ಬೆಲೆ ಏರಲೆಂದು ಲಾಕರಿನಲ್ಲಿ ಇಡಬೇಕೇ?

ಉತ್ತರ: ಕಟ್ಟಿಕೊಳ್ಳಿ. ಲಾಕರಿನಲ್ಲಿಟ್ಟರೂ ಒಳಗಿನ ಎಣ್ಣೆಗೆ ವಯಸ್ಸಾಗುತ್ತದೆ. 2022ರ ಆರಂಭದಲ್ಲಿ ಪಾಟೆಕ್ ಫಿಲಿಪ್‌ನ ನಾಟಿಲಸ್, ರೋಲೆಕ್ಸಿನ ಡೇಟೋನಾ ವಾಚುಗಳನ್ನು ಮರುಮಾರಾಟಕ್ಕೆಂದೇ ಕೊಂಡವರು ಅದೇ ವರ್ಷ ಬೆಲೆ ಕುಸಿದುದನ್ನು ನೋಡಿದರು. ನಟ ಪಾಲ್ ನ್ಯೂಮನ್ ವರ್ಷಗಟ್ಟಲೆ ಕಟ್ಟಿದ ಡೇಟೋನಾ 2017ರ ಹರಾಜಿನಲ್ಲಿ 1.77 ಕೋಟಿ ಡಾಲರ್ ದಾಟಿತು. ಅದರ ಹಿಂಬದಿಯಲ್ಲಿ ಹೆಂಡತಿ ಕೆತ್ತಿಸಿದ ಸಾಲೂ ಇತ್ತು. ನಿಮ್ಮ ಬೆವರಿಗೆ ಅಷ್ಟು ಬೆಲೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ! ಒಂದು ಎಚ್ಚರಿಕೆ ಮಾತ್ರ: ಹಳೆಯ ವಾಚಿನ ಮುಳ್ಳುಗಳು ರಾತ್ರಿ ಒಂಬತ್ತರಿಂದ ಮೂರರ ನಡುವೆ ಇರುವಾಗ ದಿನಾಂಕ ತಿರುಗಿಸಬೇಡಿ. ಆಗ ಗಾಲಿಗಳು ತಾವೇ ದಿನಾಂಕ ಬದಲಿಸುವ ಕೆಲಸದಲ್ಲಿರುತ್ತವೆ, ಬಲವಂತ ಮಾಡಿದರೆ ಹಲ್ಲು ಮುರಿಯುತ್ತದೆ. ಮುಳ್ಳನ್ನು ಆರಕ್ಕೆ ತಂದು ಆಮೇಲೆ ತಿರುಗಿಸಿ.