ರಾಣಿ ಜೇನು ಗೂಡಿನೊಳಗೇ ಕೂಡುತ್ತದೆಯೇ?

ಪ್ರಶ್ನೆ: ಮರದ ಪೊಟರೆಯಲ್ಲಿದ್ದ ತುಡುವೆ ಜೇನು ಕುಟುಂಬ ಪಾಲಾಗಿ ಹಳೆ ರಾಣಿ ಹಾರಿಹೋಗಿದೆ. ಹೊಸ ರಾಣಿ ಅದೇ ಗೂಡಿನ ಗಂಡುಹುಳುಗಳೊಂದಿಗೆ ಕೂಡುತ್ತದೆಯೇ? ಪೊಟರೆ ಒಡೆಯದೆ ಅದನ್ನು ತಿಳಿಯುವುದು ಹೇಗೆ?

ಉತ್ತರ: ಗೂಡಿನೊಳಗೆ ಕೂಡುವುದಿಲ್ಲ. ಎರಿಯ ಮೇಲೆ ರಾಣಿ ಪಕ್ಕದಲ್ಲೇ ಹಾದುಹೋದರೂ ಗಂಡುಹುಳು ತಿರುಗಿ ನೋಡುವುದಿಲ್ಲ. ರಾಣಿಯ ದವಡೆ ಗ್ರಂಥಿಯ ವಾಸನೆಗೆ ಅದು ಬೆನ್ನಟ್ಟುವುದು ಬಯಲಿನಲ್ಲಿ, ಹಾರುತ್ತಿರುವಾಗ ಮಾತ್ರ. ರಾಣಿ ಕೂಡುವುದು ಗೂಡಿನ ಹೊರಗೆ, ಗಾಳಿಯಲ್ಲಿ ಎಂದು ಸ್ಲೊವೇನಿಯಾದ ಜೇನು ಸಾಕಣೆಗಾರ ಆಂಟನ್ ಯಾನ್ಶಾ 1771ರಷ್ಟು ಹಿಂದೆಯೇ ಬರೆದಿಟ್ಟಿದ್ದರು.

ಕೋಶದಿಂದ ಹೊರಬಂದ ರಾಣಿ ಸುಮಾರು ಒಂದು ವಾರಕ್ಕೆ ಹಾರಾಟಕ್ಕೆ ಸಿದ್ಧವಾಗುತ್ತದೆ. ಮೊದಲು ಗೂಡಿನ ಗುರುತು ಹಿಡಿಯಲು ಕೆಲವು ನಿಮಿಷ ಸುತ್ತುತ್ತದೆ. ಆಮೇಲೆ ಬಿಸಿಲಿದ್ದು ಗಾಳಿಯಿಲ್ಲದ ಹೊತ್ತು ನೋಡಿ ಹೊರಡುತ್ತದೆ. ಸುತ್ತಲಿನ ಹಲವು ಕುಟುಂಬಗಳ ಗಂಡುಗಳು ಆಗಲೇ ಒಂದೆಡೆ ನೆರೆದಿರುತ್ತವೆ. ಯುರೋಪಿನ ಜೇನಿನಲ್ಲಿ ಈ ಜಾಗ ನೆಲದಿಂದ 10–40 ಮೀಟರ್ ಎತ್ತರದಲ್ಲಿರುತ್ತದೆ, ವರ್ಷವರ್ಷವೂ ಅದೇ ಜಾಗ. ವಾಸನೆಯ ಮುಖ್ಯ ಅಂಶ ಎಲ್ಲ ಜೇನು ಜಾತಿಗಳಿಗೂ ಒಂದೇ ಆದ್ದರಿಂದ ಗೊಂದಲ ತಪ್ಪಿಸುವುದು ಹೊತ್ತು: ಶ್ರೀಲಂಕಾದಲ್ಲಿ ಕೋಲುಜೇನಿನ ಗಂಡುಗಳು ಮಧ್ಯಾಹ್ನ 12ರಿಂದ 2.30, ತುಡುವೆಯವು ಸಂಜೆ 4.15ರಿಂದ 5.15, ಹೆಜ್ಜೇನಿನವು 6ರ ನಂತರ ಮುಸ್ಸಂಜೆಯಲ್ಲಿ ಹಾರುವುದು ದಾಖಲಾಗಿದೆ.

ಕೂಡುವುದು ಕೆಲವೇ ಸೆಕೆಂಡು. ಗಂಡು ಅಲ್ಲೇ ಸತ್ತು ಬೀಳುತ್ತದೆ, ಹಿಂದೆಯೇ ಇನ್ನೊಂದು ಬರುತ್ತದೆ. ಯುರೋಪಿನ ಜೇನಿನ ರಾಣಿ ಸಾಮಾನ್ಯವಾಗಿ 10–20 ಗಂಡುಗಳೊಂದಿಗೆ ಕೂಡುತ್ತದೆ, ಹೆಜ್ಜೇನಿನದು ಇನ್ನೂ ಹೆಚ್ಚು. ಸಿಕ್ಕ ವೀರ್ಯಾಣುಗಳಲ್ಲಿ ಸಣ್ಣ ಪಾಲು, ಸುಮಾರು 50–70 ಲಕ್ಷ, ಮಾತ್ರ ರಾಣಿಯ ಹೊಟ್ಟೆಯಲ್ಲಿರುವ ವೀರ್ಯದ ಚೀಲದಲ್ಲಿ ಉಳಿಯುತ್ತವೆ. ಮೊಟ್ಟೆಯಿಡಲು ತೊಡಗಿದ ರಾಣಿ ಮತ್ತೆಂದೂ ಕೂಡುವುದಿಲ್ಲವಾದ್ದರಿಂದ ಬದುಕಿಡೀ ಅಷ್ಟೇ ಬಂಡವಾಳ.

ಇಷ್ಟು ಗಂಡುಗಳೇಕೆ? ಜೇನಿನಲ್ಲಿ ಲಿಂಗ ನಿರ್ಧರಿಸುವುದು ಒಂದೇ ಜೀನ್. ಅದಕ್ಕೆ ಹಲವು ರೂಪಗಳಿವೆ. ರಾಣಿಯ ಎರಡು ರೂಪಗಳಲ್ಲಿ ಒಂದು ಗಂಡಿನಲ್ಲೂ ಇದ್ದರೆ, ಆ ಗಂಡಿನಿಂದ ಫಲಿತವಾದ ಮೊಟ್ಟೆಗಳಲ್ಲಿ ಅರ್ಧದಷ್ಟು ಕೆಲಸಕ್ಕೆ ಬಾರದ ಗಂಡುಗಳಾಗುತ್ತವೆ. ಆ ಮರಿಗಳನ್ನು ಕೆಲಸಗಾರ ಹುಳುಗಳೇ ತಿಂದುಹಾಕುತ್ತವೆ. ಅದೇ ಗೂಡಿನ ಗಂಡುಗಳು, ಅಂದರೆ ರಾಣಿಯ ಅಣ್ಣತಮ್ಮಂದಿರಾದರೆ ಈ ಅಪಾಯ ಹೆಚ್ಚು. ದೂರದ, ಹಲವು ಗಂಡುಗಳಾದರೆ ನಷ್ಟ ಹಂಚಿಹೋಗುತ್ತದೆ.

ಇನ್ನು ಹೊರಗಿನಿಂದ ನೋಡುವುದು. ಪೊಟರೆಯ ಬುಡದಲ್ಲಿ ನಡುವೆ ಸಣ್ಣ ತೂತಿರುವ ಟೋಪಿಯಂಥ ಮುಚ್ಚಳಗಳು ಬಿದ್ದಿದ್ದರೆ ಅವು ತುಡುವೆಯ ಗಂಡುಕೋಶಗಳವು. ಗಂಡುಗಳು ತಯಾರಾಗಿವೆ ಎಂದಷ್ಟೇ ಅರ್ಥ, ರಾಣಿಯ ಸುದ್ದಿ ಅಲ್ಲ. ಪಾಲಾದ ಸುಮಾರು 3 ವಾರಗಳ ಬಳಿಕ ಪರಾಗದ ಉಂಡೆ ಹೊತ್ತು ಬರುವ ಹುಳುಗಳು ಹೆಚ್ಚಿದರೆ ಮೊಟ್ಟೆ ಶುರುವಾಗಿರಬಹುದು. ಖಚಿತ ಗುರುತು 6–7 ವಾರಕ್ಕೆ: ಎಳೆ ಹುಳುಗಳು ಗುಂಪಾಗಿ ಬಾಯಿಯೆದುರು ಪೊಟರೆಗೆ ಮುಖಮಾಡಿ ತೂಗಾಡುತ್ತ ಹಾರುತ್ತವೆ. ಹಳೆ ರಾಣಿಯ ಮರಿಗಳು ಅಷ್ಟರಲ್ಲಿ ಮುಗಿದಿರುತ್ತವೆ, ಇವು ಹೊಸದರವೇ. ಬದಲಿಗೆ ಸಂದಣಿ ತೆಳುವಾಗಿ ಬರೀ ಗಂಡುಗಳೇ ಕಂಡರೆ, ರಾಣಿ ಹಕ್ಕಿಯ ಬಾಯಿಗೆ ಹೋಗಿರಬೇಕು, ಇಲ್ಲವೇ ಮೂರ್ನಾಲ್ಕು ವಾರ ಮಳೆಗಾಳಿಗೆ ಸಿಕ್ಕಿ ಕೂಡುವ ವಯಸ್ಸು ದಾಟಿರಬೇಕು. ಎರಡರಲ್ಲೂ ಆ ಕುಟುಂಬಕ್ಕೆ ಉಳಿಗಾಲವಿಲ್ಲ.

ಪಾಲಾದ ನಂತರದ ಎರಡು–ಮೂರನೇ ವಾರದಲ್ಲಿ ಪೊಟರೆಯ ಮುಂದಿನ ಕೊಂಬೆ ಕಡಿಯಬೇಡಿ, ಹೊಗೆ ಹಾಕಬೇಡಿ, ಮಧ್ಯಾಹ್ನದಿಂದ ಸಂಜೆಯವರೆಗೆ ಬಾಯಿಗೆ ಅಡ್ಡ ನಿಲ್ಲಬೇಡಿ. ಗುರುತು ತಪ್ಪಿದ ರಾಣಿ ಹಿಂತಿರುಗುವುದಿಲ್ಲ.