ಶಿಬಿರದ ಮೆಸೇಜಿಗೆ ವಿಕಲಚೇತನರ ಎಮೋಜಿ: ಯಾವುದು ಎಲ್ಲಿಗೆ?

ಶಿರಾ ತಾಲ್ಲೂಕಿನ ನಿಮ್ಮ ಪಂಚಾಯಿತಿಯಲ್ಲಿ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ಶಿಬಿರವಿದೆ, ವಾಟ್ಸಾಪ್ ಮೆಸೇಜಿಗೆ ♿ ಒಂದು ಹಾಕಿದರೆ ಸಾಕೇ ಎಂದು ಕೇಳಿದ್ದೀರಿ.

♿ ಮನುಷ್ಯರ ಗುರುತಲ್ಲ, ಜಾಗದ ಗುರುತು. ರಾಂಪ್, ಶೌಚಾಲಯ, ಪಾರ್ಕಿಂಗ್ ಇರುವ ಕಡೆ ತೋರಿಸುವ ಈ ಚಿಹ್ನೆ 1968ರದ್ದು. ನಿಮ್ಮ ಕಚೇರಿ ಬಾಗಿಲಲ್ಲಿ ಮೂರು ಮೆಟ್ಟಿಲು ಮಾತ್ರ ಇದ್ದರೆ ದಯವಿಟ್ಟು ಹಾಕಬೇಡಿ. ನಂಬಿ ಬಂದವರು ಹೊರಗೇ ಕೂರಬೇಕಾಗುತ್ತದೆ.

ಜನರ ಚಿತ್ರಗಳು ಬಂದದ್ದು 2019ರಲ್ಲಿ. ಹಿಂದಿನ ವರ್ಷ ಆಪಲ್ ಕೊಟ್ಟಿದ್ದ ಪ್ರಸ್ತಾವದಿಂದ. 👨‍🦯 ಬಿಳಿ ಕೋಲು ಹಿಡಿದವರು, 👩‍🦽 ಕೈಯಿಂದ ತಳ್ಳುವ ಗಾಲಿಕುರ್ಚಿ, 👩‍🦼 ಬ್ಯಾಟರಿಯದ್ದು. ವಿಕಲಚೇತನರ ಇಲಾಖೆ ಕೊಡುವ ಪಕ್ಕದ ಚಕ್ರದ ಸ್ಕೂಟರಿಗೆ ಎಮೋಜಿ ಇಲ್ಲ. ಅದಕ್ಕೆ 🦼 ಹಾಕಿದರೆ ಬ್ಯಾಟರಿ ಕುರ್ಚಿ ಕೊಡ್ತಾರಂತೆ ಎಂದು ಊರೆಲ್ಲ ಹಬ್ಬುತ್ತದೆ. ಊರುಗೋಲು 🩼 ಇದೆ (2021), ಅದನ್ನು ಹಿಡಿದ ಮನುಷ್ಯ ಇಲ್ಲ. ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆಗೂ ಇಲ್ಲ. ಹೊರನೋಟಕ್ಕೆ ಗೊತ್ತಾಗದ ವೈಕಲ್ಯಕ್ಕೆ ಹೊರದೇಶಗಳಲ್ಲಿ ಸೂರ್ಯಕಾಂತಿಯ ಗುರುತು ಬಳಸುತ್ತಾರೆ, ಆದರೆ ನಮ್ಮ ಕಡೆ 🌻 ಕಂಡರೆ ಬೆಳೆ ವಿಷಯ ಅಂದುಕೊಳ್ತಾರೆ.

ಹೆಚ್ಚು ಎಡವಟ್ಟಾಗುವುದು 🧏 ನಲ್ಲಿ. ಬೆರಳು ಕಿವಿಯ ಹತ್ತಿರದಿಂದ ಬಾಯಿ ಕಡೆಗೆ ಬರುವುದು ಅಮೆರಿಕದ ಸನ್ನೆ ಭಾಷೆಯಲ್ಲಿ ‘ಕಿವುಡರು’. ಇಲ್ಲಿ ಅದನ್ನು ‘ಫೋನ್ ಮಾಡಿ’, ‘ಕೇಳಿಸಿಕೊಳ್ಳಿ’ ಅಂತ ಓದುವವರೇ ಜಾಸ್ತಿ. ಕಾಲೇಜು ಹುಡುಗರಿಗೆ 🤫 ಜೊತೆ ಬಂದರೆ ದವಡೆ ತೋರಿಸುವ ಮೀಮು. ಹಾಗಾಗಿ ಬರೀ ಅದನ್ನೇ ನೆಚ್ಚಬೇಡಿ, ಪಕ್ಕದಲ್ಲಿ ಮಾತು ಇರಲಿ. 🦻 ಶ್ರವಣಯಂತ್ರ ಹಾಕಿದ ಕಿವಿ. ಯಂತ್ರ ವಿತರಣೆ ಇದ್ದರೆ ಅದು ಸರಿಯಾದದ್ದು. 🦾 ಕೃತಕ ಕೈ, ಜಿಮ್ಮಿನ ತೋಳು 💪 ಬೇರೆ.

ಹಳೆ ಫೋನಿನಲ್ಲಿ 👨‍🦯 ಒಡೆದು ಗಂಡಸು ಒಂದು ಕಡೆ, ಕೋಲು ಒಂದು ಕಡೆ ಬೀಳುತ್ತದೆ, ಇಲ್ಲವೇ ಖಾಲಿ ಡಬ್ಬಿ. ಒಳಗೆ ಅವು ಎರಡು ಬೇರೆ ಸಂಕೇತ, ಕಣ್ಣಿಗೆ ಕಾಣದ ಜೋಡಕವೊಂದು ಕೂಡಿಸಿರುತ್ತದೆ (‘ರ‍್ಯಾಂಕ್’ ಬರೆಯುವಾಗ ಕನ್ನಡಕ್ಕೂ ಅದೇ ಬೇಕು). 2023ರಲ್ಲಿ ಬಂದ ಬಲಕ್ಕೆ ತಿರುಗಿದ ಚಿತ್ರಗಳಲ್ಲಿ ಬಾಣವೂ ಸೇರಿದೆ; ಒಡೆದರೆ ಅದೂ ಪಕ್ಕಕ್ಕೆ ಬಿದ್ದು ದಾರಿ ತೋರಿಸಿದಂತಾಗುತ್ತದೆ. ಕಳಿಸುವ ಮುಂಚೆ ಹಳೆಯದೊಂದು ಆಂಡ್ರಾಯ್ಡ್‌ನಲ್ಲಿ ತೆರೆದು ನೋಡಿ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ) ಆನ್ ಮಾಡಿ ಮೆಸೇಜು ಕೇಳಿ. ಕಣ್ಣು ಕಾಣದವರು ಓದುವುದು ಹಾಗೆಯೇ. ಸಾಲಿನ ಮೊದಲಿಗೇ ಎಮೋಜಿ ಸರಮಾಲೆ ಹಾಕಿದರೆ ಒಂದೊಂದರ ಹೆಸರನ್ನೂ ಓದಿ ಮುಗಿಸಿದ ಮೇಲೆಯೇ ಶಿಬಿರದ ತಾರೀಖು ಕೇಳುತ್ತದೆ. ಪೋಸ್ಟರನ್ನು ಬರೀ ಫೋಟೋ ಮಾಡಿ ಕಳಿಸಿದರಂತೂ ಅಕ್ಷರ ಕೇಳಿಸುವ ಭರವಸೆಯೇ ಇಲ್ಲ.

ಆದ್ದರಿಂದ ದಿನ, ಸಮಯ, ತರಬೇಕಾದ ಕಾಗದಗಳು ಅಕ್ಷರದಲ್ಲಿ ಮೊದಲು. ಎಮೋಜಿ ಸಾಲಿಗೊಂದು, ಕೊನೆಗೆ:

ಕಚೇರಿ ಬಾಗಿಲಿಗೆ ರಾಂಪ್ ಇದೆ ♿
ಸನ್ನೆ ಭಾಷೆ ಬಲ್ಲವರು ಇರುತ್ತಾರೆ 🧏

ಚರ್ಮದ ಬಣ್ಣ ಬದಲಿಸಲು ಒತ್ತಿ ಹಿಡಿಯಬಹುದು, ಆದರೆ ಸಾರ್ವಜನಿಕ ಮೆಸೇಜಿಗೆ ಹಳದಿಯೇ ಇರಲಿ.